ಶುಕ್ರವಾರ ಚುಟ್ಟಾ ಹೊತ್ತಿಸಿದ್ದು

ಮೊನ್ನೆ ನಮ್ಮ ಓಣಿಯ ವಕೀಲರು ನನಗೊಂದು ಸಿಗಾರು ಕೊಟ್ಟರು. ನಮ್ಮ ನಾಡಚುಟ್ಟಾದ ಶ್ರೀಮಂತ ದಾಯಾದಿ ಅದು. ದುಂಡು ಹೊಟ್ಟೆ, ನುಣುಪು ಮೈ, ಸೊಂಟಕ್ಕೆ ಬಂಗಾರದ ಬಣ್ಣದ ಕಾಗದದ ಡಾಬು. ಕೊಡುವುದೇನೋ ಕೊಟ್ಟರು, ಸೇದಲು ಮಾತ್ರ ಬಿಡಲಿಲ್ಲ. "ಹಂಗ ಗಬಕ್ಕನ ಕಡ್ಡಿ ಗೀರಬ್ಯಾಡ ಮಲ್ಕಪ್ಪ. ಇದಕ್ಕೊಂದು ರೀತಿ ರಿವಾಜು ಅದ" ಎಂದು ಶುರು ಮಾಡಿದರು. ಮೊದಲು ಅದರ ತಲೆ ಕತ್ತರಿಸಬೇಕಂತೆ. ಆಮೇಲೆ ಉರಿ ಮುಟ್ಟಿಸದೆ, ಉರಿಯ ಮೇಲೆ ಹಿಡಿದು ಪಾದ ಬೆಚ್ಚಗೆ ಮಾಡಬೇಕಂತೆ. ಗಂಧಕದ ಕಡ್ಡಿ ಕೆಟ್ಟದ್ದಂತೆ, ಎಣ್ಣೆಯ ಉರಿ ಇನ್ನೂ ಕೆಟ್ಟದ್ದಂತೆ, ದೇವದಾರು ಚಕ್ಕೆ ಸಿಕ್ಕರೆ ಉತ್ತಮವಂತೆ. ನಮ್ಮ ಕಡೆ ಬಾಣಂತಿಗೂ ಇಷ್ಟು ಉಪಚಾರ ಮಾಡುವುದಿಲ್ಲ. ಅವರ ಪಾಠ ಮುಗಿಯುವಷ್ಟರಲ್ಲಿ ನನ್ನ ಮನಸ್ಸು ಕುಂಚಾವರಂ ಅಡವಿ ಸೇರಿಯಾಗಿತ್ತು. ದೇಹ ಮಾತ್ರ ವಕೀಲರ ಮುಂದೆ ಕೂತು ತಲೆ ಆಡಿಸುತ್ತಿತ್ತು.

ನೋಡಿ, ಸೇದುವುದು ಯಾರಿಗಾದರೂ ಬರುತ್ತದೆ. ಒಳಗೆ ಎಳೆದುಕೊಳ್ಳಬೇಕು, ಹೊರಗೆ ಬಿಡಬೇಕು. ಕುಲುಮೆಯ ತಿದಿಗೂ ಬರುವ ಕೆಲಸ. ಮನುಷ್ಯನ ಯೋಗ್ಯತೆ ಇರುವುದು ಹೊತ್ತಿಸುವುದರಲ್ಲಿ. ಈ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಬೇಗನೆ ಆರಂಭವಾಯಿತು, ಉಳಿದ ವಿದ್ಯಾಭ್ಯಾಸ ಅಷ್ಟೇ ಬೇಗ ಮುಗಿಯಿತು. ಎರಡಕ್ಕೂ ಕಾರಣ ಒಬ್ಬರೇ. ನಿಜಾಮರ ಕಾಲದ ಶಾಲೆ, ಪಾಠವೆಲ್ಲ ಉರ್ದುವಿನಲ್ಲಿ. ಮಾಸ್ತರರಿಗೆ ಹುಕ್ಕಾದ ಚಟ. ಹಲಗೆಯ ಮೇಲೆ ಮೊದಲಕ್ಷರ ಅಲಿಫ್ ಬರೆಯಿಸಿ, "ಮಲ್ಕ್ಯಾ, ಕೆಂಡ ತಗೊಂಡು ಬಾ" ಎಂದು ನನ್ನನ್ನು ಓಡಿಸುತ್ತಿದ್ದರು. ಯಾರ ಮನೆಯ ಒಲೆ ಹೊತ್ತಿದೆ, ಯಾರ ಕೆಂಡ ಗಟ್ಟಿ ತುಮ್ಮಿಯ ಕಟ್ಟಿಗೆಯದು, ಯಾರದು ಬರೀ ಕುಳ್ಳಿನದು ಎಂದೆಲ್ಲ ವಿಚಾರಿಸಿ ನಾನು ಮರಳುವ ಹೊತ್ತಿಗೆ ಉಳಿದ ಹುಡುಗರು ಜೀಮ್ ಅಕ್ಷರ ದಾಟಿ ಹೋಗಿರುತ್ತಿದ್ದರು. ಹೀಗಾಗಿ ನನ್ನ ಪಾಲಿಗೆ ಆ ಭಾಷೆಯಲ್ಲಿ ಇರುವುದು ಒಂದೇ ಅಕ್ಷರ. ಅದೂ ನೆಟ್ಟಗೆ ನಿಂತ ಚುಟ್ಟಾದ ಹಾಗೆಯೇ ಇದೆ. ಕಡೆಗೆ ನಮ್ಮವ್ವ, "ಕೆಂಡ ಹೊರ್ಲಿಕ್ಕೆ ಶಾಲಿ ಯಾಕ? ಕಲ್ಲು ಹೊತ್ರ ರೊಟ್ಟಿಯಾದ್ರೂ ಸಿಗ್ತದ" ಎಂದು ನನ್ನನ್ನು ಶಹಾಬಾದಿನ ಕಲ್ಲಿನ ಖಣಿಗೆ ಕಳಿಸಿದಳು.

ಅದರ ಬಗ್ಗೆ ನನಗೆ ಎಳ್ಳಷ್ಟೂ ದುಃಖವಿಲ್ಲ. ನಾನು ಎಬ್ಬಿಸಿ, ಉಳಿ ಹಿಡಿದು ನೇರ ಮಾಡಿದ ಫರ್ಸಿಗಲ್ಲಿನ ಮೇಲೆ ತಹಶೀಲ್ದಾರರು ನಡೆದಾಡಿದ್ದಾರೆ, ಅವರ ಬೇಗಂ ಸಾಹೇಬರು ನಡೆದಾಡಿದ್ದಾರೆ, ಅವರ ಕೋಳಿಗಳೂ ನಡೆದಾಡಿವೆ. ನನ್ನ ಜೊತೆ ಶಾಲೆಯಲ್ಲಿ ಜೀಮ್ ದಾಟಿದವರು ಬರೆದ ಕಾಗದಗಳು ಎಲ್ಲಿವೆಯೋ! ನನ್ನ ಕಲ್ಲುಗಳು ಇನ್ನೂ ಬಿದ್ದುಕೊಂಡಿವೆ.

ಖಣಿಯಲ್ಲಿ ಚುಟ್ಟಾ ಹೊತ್ತಿಸುವ ಬಗ್ಗೆ ಪಂಥಗಳಿದ್ದವು. ಮಠಗಳಲ್ಲೂ ಇಷ್ಟು ಜಗಳ ಇರಲಾರದು. ನನ್ನ ಜೊತೆಗಾರ ದಸ್ತಗೀರ ಚಕಮಕಿ ಪಂಥದವನು. ಉಕ್ಕಿನ ತುಂಡಿಗೆ ಬೆಣಚುಕಲ್ಲು ಹೊಡೆದು, ಹಾರಿದ ಕಿಡಿಯನ್ನು ಅರಳೆಯಲ್ಲಿ ಹಿಡಿದು, ಊದಿ ಊದಿ ಕೆಂಪು ಮಾಡಿ ಚುಟ್ಟಾಕ್ಕೆ ಒತ್ತುತ್ತಿದ್ದ. "ಇದು ಗಾಳ್ಯಾಗ ಆರೂದಿಲ್ಲ, ಜೋರಾಗ್ತದ. ಕಡ್ಡಿ ಅಂದ್ರ ಹೆದರುಪುಕ್ಕ, ಗಾಳಿ ಅಂದ್ರ ಸಾಯ್ತದ" ಎನ್ನುತ್ತಿದ್ದ. ಖಣಿಯ ಗುಂಡಿಯೊಳಗೆ ಗಾಳಿ ಸುಳಿಯಾಗಿ ತಿರುಗುವಾಗ ಅವನ ಮಾತು ವೇದವಾಕ್ಯವೇ. ಎಣ್ಣೆದೀಪಕ್ಕೆ ಚುಟ್ಟಾ ಹಿಡಿಯುವವರೂ ಇದ್ದರು. ಆದರೆ ಮನೆಯಲ್ಲಿ ಹೆಂಗಸರಿದ್ದರೆ ಆ ಧೈರ್ಯ ಮಾಡುತ್ತಿರಲಿಲ್ಲ. ನಮ್ಮಪ್ಪ ಒಮ್ಮೆ ದೇವರ ಮುಂದಿನ ದೀಪಕ್ಕೆ ಚುಟ್ಟಾ ಒಡ್ಡಿದ. ಅವ್ವ ಬೈಯಲಿಲ್ಲ. ಸಂಜೆ ದೇವರಿಗೆ ಬೆನ್ನು ಮಾಡಿ, ಅಪ್ಪನ ಚುಟ್ಟಾಕ್ಕೇ ಕುಂಕುಮ ಹಚ್ಚಿ ಕೈಮುಗಿದಳು. ಅಪ್ಪ ಮತ್ತೆ ಆ ಕಡೆ ಹೋಗಲಿಲ್ಲ.

ಎಲ್ಲ ಪಂಥಗಳಿಗೂ ಹೊರಗಿನವನು ನನ್ನ ಸೋದರಮಾವ ಭೀಮಣ್ಣ. ಅವನಿಗೆ ಸ್ವಂತ ಬೆಂಕಿಯೆಂದರೆ ಅಪಮಾನ. ಚುಟ್ಟಾ ತನ್ನದು, ಬೆಂಕಿ ಊರಿನದು. ಗುರುವಾರ ಗುರುವಾರ ಅಂಗಡಿಸಾಲಿಗೆ ಲೋಬಾನದ ಹೊಗೆ ಹಾಕಲು ಒಬ್ಬ ಫಕೀರ ಬರುತ್ತಿದ್ದ. ಭೀಮಣ್ಣ ಭಕ್ತಿಯಿಂದ ತಲೆ ಬಾಗಿಸಿ ಧೂಪದ ಪಾತ್ರೆಯ ಹತ್ತಿರ ಮುಖ ತಂದು, ತಲೆ ಎತ್ತುವಷ್ಟರಲ್ಲಿ ಬಾಯಲ್ಲಿದ್ದ ಚುಟ್ಟಾ ಹೊತ್ತಿಕೊಂಡಿರುತ್ತಿತ್ತು. ಫಕೀರ ಅವನನ್ನು ದಿಟ್ಟಿಸಿ, "ಭೀಮಣ್ಣ, ದುವಾ ತಗೋ ಅಂದ್ರ ಅಂಗಾರಾನೂ ತಗೊಂಡ್ಯಲ್ಲ" ಎನ್ನುತ್ತಿದ್ದ. "ಬಾಬಾ, ನಿಮ್ಮ ದುವಾ ಹತ್ತತದೋ ಇಲ್ಲೋ ಅಂತ ನೋಡಬೇಕಲ್ಲ" ಎಂದು ಭೀಮಣ್ಣ ಹೊಗೆ ಬಿಡುತ್ತಿದ್ದ.

ಇಂಥವನನ್ನು ಕರೆದುಕೊಂಡು ನಾನು ಹೆಣ್ಣು ನೋಡಲು ಹೊರಟೆ. ನನ್ನ ಕಡೆ ಹಿರಿಯರೆಂದರೆ ಅವನೊಬ್ಬನೇ ಉಳಿದಿದ್ದ.

ಹೆಣ್ಣನ್ನು ನಾನು ಮೊದಲೇ ನೋಡಿದ್ದೆ, ಅಥವಾ ಅವಳೇ ನನ್ನನ್ನು ನೋಡಿದ್ದಳು. ಸೇಡಂನಲ್ಲಿ ಒಂದು ಬಟ್ಟೆ ಅಂಗಡಿಗೆ ಫರ್ಸಿ ಹಾಸಿ, ಕೈ ತೊಳೆದುಕೊಂಡು, ನನ್ನ ಕೆಲಸವನ್ನು ನಾನೇ ಮೆಚ್ಚುತ್ತ ನಿಂತಿದ್ದೆ. ಅಪ್ಪನ ಜೊತೆ ಸಂತೆಗೆ ಬಂದಿದ್ದ ಹುಡುಗಿಯೊಬ್ಬಳು ಒಳಗೆ ಕಾಲಿಟ್ಟವಳೇ ನಿಂತು, ಹಿಮ್ಮಡಿ ಊರಿ, "ಅಪ್ಪಾ, ಈ ಕಲ್ಲು ಅಲ್ಲಾಡ್ತದ" ಎಂದಳು. ಅಂಗಡಿಯವರು ನಕ್ಕರು. ನಾನು, "ಕಲ್ಲಲ್ಲ, ನಿಮ್ಮ ಕಾಲು" ಎಂದೆ. ಅವಳು ಇನ್ನೊಮ್ಮೆ ಹಿಮ್ಮಡಿ ಊರಿದಳು. ಕಲ್ಲು ಕಟಕ್ ಎಂದಿತು. ನನ್ನ ಜನ್ಮದಲ್ಲಿ ನನ್ನ ಕಲ್ಲನ್ನು ಯಾರೂ ಹಾಗೆ ಮಾತಾಡಿಸಿರಲಿಲ್ಲ. ಅವಳು ಹೋದ ಮೇಲೆ ವಿಚಾರಿಸಿದೆ: ಕುಂಚಾವರಂ ಕಡೆಯ ಒಂದು ಹಳ್ಳಿ, ಅಪ್ಪ ಶಿವರಾಯ, ಹುಡುಗಿ ಈರಮ್ಮ. ಅವತ್ತೇ ತೀರ್ಮಾನ ಮಾಡಿದೆ, ಮದುವೆಯಾದರೆ ಇವಳನ್ನೇ. ಬೇರೆ ಯಾರನ್ನೋ ಕಟ್ಟಿಕೊಂಡು, ಇವಳು ಎಲ್ಲೋ ಕೂತು ನನ್ನ ಕಲ್ಲು ಅಲ್ಲಾಡುತ್ತದೆಂದು ಹೇಳಿಕೊಂಡು ತಿರುಗಿದರೆ ನಾನು ಹೇಗೆ ನಿದ್ದೆ ಮಾಡಲಿ?

ಶಿವರಾಯ ಹೇಳಿ ಕಳಿಸಿದ್ದರು: "ಬರೂದಿದ್ರ ಗುರುವಾರ ಬರ್ರಿ. ಶುಕ್ರವಾರ ಮಾತ್ರ ಬ್ಯಾಡ." ಏನೋ ವ್ರತವಿರಬೇಕೆಂದು ಗುರುವಾರಕ್ಕೇ ಮುಟ್ಟುವ ಹಾಗೆ ಹೊರಟೆವು. ವಾಡಿಯಲ್ಲಿ ಗಾಡಿ ಬದಲಿಸಬೇಕು. ಸೇಡಂ ಕಡೆಯ ಗಾಡಿ ಬಂದು ನಿಂತಿತ್ತು. ಅದೇ ಹೊತ್ತಿಗೆ ಭೀಮಣ್ಣನ ಬಾಯಲ್ಲಿ ಚುಟ್ಟಾ, ಕೈಯಲ್ಲಿ ಏನೂ ಇಲ್ಲ. ಅದು ದೊಡ್ಡ ಲಡಾಯಿಯ ಕಾಲ. ಕಡ್ಡಿಪೆಟ್ಟಿಗೆ ಕಣ್ಣಿಗೆ ಬೀಳುವುದೇ ಅಪರೂಪ. ನನ್ನ ಸೊಂಟದಲ್ಲಿ ದಸ್ತಗೀರನ ಚಕಮಕಿ ಇತ್ತು. ಕೊಡಲು ಹೋದರೆ, "ಥೂ, ಎಂಥಾ ದೊಡ್ಡ ಒಲಿ ಇಟಗೊಂಡು ಸರ್ಕಾರ ನಿಂತದ, ನಿನ್ನ ಕಿಡಿ ಯಾರಿಗಿ ಬೇಕು?" ಎಂದು ಪಕ್ಕದ ಹಳಿಯ ಎಂಜಿನ್ನಿನ ಕಡೆ ನಡೆದ. ಬೆಂಕಿ ಹಾಕುವವನಿಗೆ ಸಲಾಮು ಹೊಡೆದು, ಸಲಿಕೆಯ ತುದಿಯಲ್ಲಿ ಒಂದು ಕಲ್ಲಿದ್ದಲ ಕೆಂಡ ಬೇಡಿ, ಚುಟ್ಟಾ ಹೊತ್ತಿಸಿಕೊಂಡು, ಅವನ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತ ನಿಂತ. ನಮ್ಮ ಗಾಡಿ ಸೀಟಿ ಹೊಡೆದು ಹೊರಟೇ ಹೋಯಿತು. ಮಾವನನ್ನು ಬಿಟ್ಟು ಹೆಣ್ಣು ಕೇಳಲು ಹೋಗುವುದು ಹೇಗೆ? ನಾನೂ ಹತ್ತದೆ ಉಳಿದೆ. ಭೀಮಣ್ಣ ಹೊಗೆ ಬಿಟ್ಟು, "ಕಲ್ಲಿದ್ದಲದ ರುಚಿ ಭಾಳ ಖರಾಬ್ ಅದ ಮಲ್ಕ್ಯಾ. ಇಡೀ ರೇಲ್ವೆ ನುಂಗಿದಂಗ ಆಗ್ಯದ" ಎಂದ. ಹೀಗೆ ನಾವು ಮುಟ್ಟಿದ್ದು ಶುಕ್ರವಾರ.

ಸೇಡಂನಿಂದ ಎತ್ತಿನ ಗಾಡಿ. ಅಡವಿ ಶುರುವಾದ ಹಾಗೆ ಗಾಡಿ ಹೊಡೆಯುವವನ ಕನ್ನಡದಲ್ಲಿ ತೆಲುಗು ಜಾಸ್ತಿಯಾಗುತ್ತ ಹೋಯಿತು. ನಮ್ಮನ್ನು ಕಂಡು ಶಿವರಾಯರ ಮುಖ ಬಿಳುಪೇರಿತು. "ಶುಕ್ರವಾರ ಬ್ಯಾಡ ಅಂದಿದ್ದೆನಲ್ರಿ" ಎಂದರು ಮೆಲ್ಲಗೆ. ಆದರೂ ಬಂದವರನ್ನು ಹೊರಗೆ ನಿಲ್ಲಿಸಲಾಗುತ್ತದೆಯೇ? ಪಡಸಾಲೆಯಲ್ಲಿ ಕಂಬಳಿ ಹಾಸಿದರು, ದೊಡ್ಡ ತಾಮ್ರದ ಚೆಂಬಿನಲ್ಲಿ ನೀರಿಟ್ಟರು. ಎದುರಿಗೆ ಹೊರಸಿನ ಮೇಲೆ ಶಿವರಾಯರ ತಾಯಿ ಬಾಲಮ್ಮ ಕೂತಿದ್ದಳು. ಬೆನ್ನು ಬಾಗಿತ್ತು, ಕಣ್ಣು ಬಾಗಿರಲಿಲ್ಲ. ಆ ಮನೆಯಲ್ಲಿ ಹೂಂ ಅನ್ನುವುದೂ ಊಹೂಂ ಅನ್ನುವುದೂ ಅವಳೇ ಎಂದು ದಾರಿಯಲ್ಲೇ ಗಾಡಿಯವನು ಎಚ್ಚರಿಸಿದ್ದ. ಅವಳು ಎಲೆಯಡಿಕೆ ಸಂಚಿ ಬಿಚ್ಚಿ ಒಂದು ಚುಟ್ಟಾ ತೆಗೆದಳು. ಸಂಚಿಯಲ್ಲಿ ಉಳಿದದ್ದು ಅದೊಂದೇ. "ಓರೇಯ್ ಪಿಲ್ಲಗಾ, ಬೆಂಕಿ ಅದೇನು?" ಎಂದು ತೆಲುಗಿನಲ್ಲಿ ಹುಡುಗನೆಂದು ಕರೆದು ನನ್ನನ್ನು ಕೇಳಿದಳು.

ಇದಕ್ಕಿಂತ ಒಳ್ಳೆಯ ಮುಹೂರ್ತ ಇನ್ನೇನು ಬೇಕು! ಹುಡುಗಿ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದಾಳೆಂದು ಗೊತ್ತಿತ್ತು. ಚಕಮಕಿ ತೆಗೆದೆ. ಒಂದೇ ಏಟಿಗೆ ಕಿಡಿ, ಅರಳೆ ಹಿಡಿಯಿತು, ಊದಿದೆ, ಬಾಲಮ್ಮನ ಚುಟ್ಟಾಕ್ಕೆ ಒತ್ತಿ, ಗುಂಡಗೆ ಕೆಂಪು ಮೂಡುವ ತನಕ ತಿರುಗಿಸಿದೆ. "ಶಾಣ್ಯಾ ಇದ್ದಿ" ಎಂದು ಮುದುಕಿ ಒಂದೆರಡು ದಮ್ಮು ಎಳೆದಳು. ನಾನು ಎದೆಯುಬ್ಬಿಸಿ ಬಾಗಿಲ ಸಂದಿಯ ಕಡೆ ನೋಡಿ, ಮತ್ತೆ ಮುಖ ತಿರುಗಿಸಿದರೆ ಬಾಲಮ್ಮ ಚುಟ್ಟಾವನ್ನು ಉಲ್ಟಾ ಮಾಡಿ, ಧಗಧಗಿಸುವ ತುದಿಯನ್ನು ಬಾಯೊಳಗೆ ಇಟ್ಟುಕೊಳ್ಳುತ್ತಿದ್ದಳು!

ತೆಲುಗು ಸೀಮೆಯ ಕೆಲವು ಮುದುಕಿಯರು ಹಾಗೇ ಸೇದುತ್ತಾರೆ, ಬೆಂಕಿ ಒಳಗೆ, ಬುಡ ಹೊರಗೆ, ನಾಲಿಗೆಗೂ ಸುಡುವುದಿಲ್ಲ ತುಟಿಗೂ ಸುಡುವುದಿಲ್ಲ ಎಂಬುದನ್ನು ಶಹಾಬಾದಿನ ಖಣಿಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ಪಾಪ, ಅರಳುಮರಳು ಮುದುಕಿ, ತಲೆ ಯಾವುದು ಬಾಲ ಯಾವುದು ತಿಳಿಯದೆ ಕೆಂಡ ನುಂಗುತ್ತಿದ್ದಾಳೆ! "ಏ ಆಯಿ, ಉಲ್ಟಾ! ಉಲ್ಟಾ ಆಗ್ಯದ!" ಎಂದು ಹಾರಿ ಎದ್ದವನೇ, ಮುಂದಿದ್ದ ಚೆಂಬನ್ನು ಎತ್ತಿ ಅಷ್ಟೂ ನೀರನ್ನು ಅವಳ ಬಾಯಿಗೆ ಗುರಿಯಿಟ್ಟು ಎರಚಿದೆ.

ಗುರಿ ತಪ್ಪಲಿಲ್ಲ. ಕೈಗೆಲಸದವನು ನಾನು.

ಬಾಲಮ್ಮನ ಕೂದಲಿಂದ, ಮೂಗಿಂದ, ನತ್ತಿಂದ ಹನಿ ಇಳಿಯುತ್ತಿತ್ತು. ಚುಟ್ಟಾ ನೆಲದ ಮೇಲೆ ನೆನೆದ ಬದನೆಕಾಯಿಯ ಹಾಗೆ ಬಿದ್ದಿತ್ತು. ನನ್ನ ಚಕಮಕಿಯ ಅರಳೆಯೂ ಅಲ್ಲೇ ತೊಯ್ದು ತೊಪ್ಪೆಯಾಗಿತ್ತು. ಶಿವರಾಯರು ತಾಯಿಯ ಮುಖ ನೋಡಿದರು, ನಾನು ನೆಲ ನೋಡಿದೆ, ಭೀಮಣ್ಣ ತನ್ನ ಚಪ್ಪಲಿ ಎಲ್ಲಿವೆಯೆಂದು ನೋಡಿದ. ಅಡುಗೆಮನೆಯೊಳಗೆ ಯಾರೋ ಸೆರಗು ಬಾಯಿಗೆ ತುರುಕಿಕೊಂಡು ನಗುವ ಸದ್ದು.

ಬಾಲಮ್ಮ ಮುಖ ಒರೆಸಿಕೊಂಡಳು. ನಿಧಾನಕ್ಕೆ ಮಗನ ಕಡೆ ತಿರುಗಿದಳು. "ಶಿವರಾಯ, ಸಾಯೂ ಟೈಮಿನ್ಯಾಗ ನನ್ನ ಬಾಯಿಗಿ ನೀರು ಬಿಡ್ತೀ ಅಂತ ನಿನ್ನ ಹಡದೀನಿ. ನೀ ಇನ್ನಾ ಕುಂತೇ ಇದ್ದಿ. ಎಲ್ಲಿಯವನೋ ಇವ ಬಂದು ಬಿಟ್ಟೇ ಬಿಟ್ಟ, ನೋಡು."

"ಅವ್ವಾ, ಅವರಿಗಿ ಗೊತ್ತಿಲ್ಲ..."

"ಸುಮ್ಕಿರು." ಚುಟ್ಟಾದ ಕಡೆ ಬೆರಳು ತೋರಿಸಿದಳು. "ಇದು ಕಡೀದು. ಮತ್ತ ಸಿಗಬೇಕಂದ್ರ ಸಂತಿ ತನಕ ಕಾಯಬೇಕು. ಪಿಲ್ಲಗಾ, ಇದು ಹತ್ತಿತಂದ್ರ ಹುಡುಗಿ ಮಾತು ಮಾತಾಡಮು. ಹತ್ತಲಿಲ್ಲಂದ್ರ ಗಾಡಿ ಹೂಡ್ರಿ."

ನನ್ನ ಕೈಯಲ್ಲಿ ಒದ್ದೆ ಚುಟ್ಟಾ. ಕಿಡಿ ಹಿಡಿಯಲು ಒಣ ಅರಳೆಯಿಲ್ಲ. ಕಡ್ಡಿಪೆಟ್ಟಿಗೆ ಊರಲ್ಲೇ ಇಲ್ಲ. "ಒಲಿಯಾಗಿಂದ ಒಂದು ಕೆಂಡ ಕೊಡ್ರಿ" ಎಂದೆ. ಶಿವರಾಯರು ತಲೆ ತಗ್ಗಿಸಿದರು. ಶುಕ್ರವಾರ ಆ ಮನೆಯ ಒಲೆಯ ಬೆಂಕಿ ಕಣ್ಣಿಗೆ ಕಾಣುವ ಹಾಗೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಅದರ ಹಿಂದೆ ಲಕ್ಷ್ಮಿಯೂ ಎದ್ದು ನಡೆಯುತ್ತಾಳಂತೆ. "ಹಂಗಾರ ನಾನೇ ಒಳಗ ಹೋಗ್ತೀನಿ" ಎಂದೆ. ಹೆಣ್ಣು ಕೇಳಲು ಬಂದವನು ಒಲೆಯ ತನಕ ಹೋಗುವುದುಂಟೇ? ಕಡೆಗೆ ಬಾಲಮ್ಮನೇ ದಾರಿ ತೋರಿದಳು. "ಚುಟ್ಟಾ ಒಳಗ ಹೋಗ್ಲಿ. ಇವ ಹೊಸ್ತಿಲ ಈಚಿಗಿ ನಿಂತು ಹೇಳ್ಲಿ. ಈರೀ, ಹೇಳಿದಂಗ ಕೇಳು."

ಹೇಳಿದ ಹಾಗೆ ಕೇಳುವುದಂತೆ! ಈರಮ್ಮ ಕೈ ಚಾಚಿ ಚುಟ್ಟಾ ತೆಗೆದುಕೊಂಡು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ನಾನು ಹೊಸ್ತಿಲ ಹೊರಗೆ ನಿಂತು ವಿದ್ಯೆ ತೆಗೆದೆ.

"ಉರಿ ಮ್ಯಾಲ ಎತ್ತರಕ್ಕ ಹಿಡೀರಿ. ತಿರುವ್ಕೋತ ಇರ್ರಿ."

ಅವಳು ಚುಟ್ಟಾವನ್ನು ಒಲೆಯ ಪಕ್ಕದ ಬೆಚ್ಚನೆಯ ಬೂದಿಯಲ್ಲಿ ಹೂತಿಟ್ಟು ಮೇಲೆ ಇನ್ನಷ್ಟು ಬೂದಿ ಎಳೆದಳು.

"ಏ, ಬೂದ್ಯಾಗ ಅಲ್ರಿ! ಉರಿ ಮ್ಯಾಲ!"

"ಒದ್ದಿ ಆದದ್ದಕ್ಕ ಉರಿ ತೋರಿಸಿದ್ರ ಎಲಿ ಸಿಡೀತದ್ರಿ. ನೀವು ಕಲ್ಲಿಗೂ ಹಿಂಗೇ ಬುದ್ಧಿ ಹೇಳ್ತೀರೇನು?"

"ಕಲ್ಲು ಎದುರು ಮಾತಾಡಂಗಿಲ್ಲ."

"ಮಾತಾಡ್ತದ. ಸೇಡಂದಾಗ ಕಟಕ್ ಅಂದಿತ್ತಲ್ಲ."

"ಅದನ್ನ ಮರುದಿನಾನೇ ಕಿತ್ತು ಮತ್ತ ಹಾಸೀನಿ."

"ಯಾರು ನೋಡ್ತಾರಂತ ಕಿತ್ತಿರಿ?"

ಅವಳು ಬೂದಿ ಕೆದರಿ, ಚುಟ್ಟಾ ಎತ್ತಿ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಒತ್ತಿ, ಎಲೆಯ ಗರಗರ ಸದ್ದು ಕೇಳಿದಳು. ಸಾಲದೆಂದು ಮತ್ತೆ ಹೂತಳು. ನಾನು ಖಣಿಯಲ್ಲಿ ಚಪ್ಪಡಿ ತಟ್ಟಿ, ಒಳಗೆ ಬಿರುಕಿದೆಯೇ ಎಂದು ಕಿವಿಗೊಡುವುದು ಥೇಟ್ ಹಾಗೆಯೇ. ಅಲ್ಲಿಯ ತನಕ ನಾನು ಸೋಲಬಾರದೆಂದು ಈ ಹುಡುಗಿಯನ್ನು ಕೇಳಲು ಬಂದಿದ್ದೆ. ಅವಳು ಚುಟ್ಟಾಕ್ಕೆ ಕಿವಿಗೊಟ್ಟ ಮೇಲೆ, ಇವಳು ಸಿಗದಿದ್ದರೆ ಗಾಡಿ ಹತ್ತಿ ಹೋಗುವುದು ಹೇಗಪ್ಪಾ ಎನಿಸಿತು. ಬುದ್ಧಿ ಹೇಳುವುದನ್ನು ಬಿಟ್ಟು ಅವಳ ಕೈಯನ್ನೇ ನೋಡತೊಡಗಿದೆ.

ಕೊನೆಗೆ ಅವಳು ಚಿಮಟದಲ್ಲಿ ಒಂದು ಕೆಂಡ ಎತ್ತಿ, ಬೆನ್ನು ಮಾಡಿ ಕೂತು ಚುಟ್ಟಾ ಹೊತ್ತಿಸಿದಳು. ಹತ್ತಿತು. ಆದರೆ ಹತ್ತಿದ್ದನ್ನು ಹೊರಗೆ ತರುವುದು ಹೇಗೆ? ಅದೂ ಒಲೆಯ ಬೆಂಕಿಯೇ ತಾನೇ? ನಾನು ಇನ್ನೂ ಯೋಚಿಸುತ್ತಿದ್ದೆ, ಅವಳು ಎದ್ದಳು, ಚುಟ್ಟಾವನ್ನು ಉಲ್ಟಾ ತಿರುಗಿಸಿ ಬೆಂಕಿಯ ತುದಿ ಬಾಯೊಳಗಿಟ್ಟಳು, ತುಟಿ ಮುಚ್ಚಿದಳು, ನನ್ನ ಪಕ್ಕದಿಂದಲೇ ಹೊಸ್ತಿಲು ದಾಟಿ ನಡೆದಳು. ಸುಂಕ ವಸೂಲಿಯ ಕರೋಡಗಿರಿ ನಾಕಾದವರ ಎದುರಿಗೆ ಮಾಲು ಸಾಗಿಸುವವರಿಗೂ ಅಷ್ಟು ಗಾಂಭೀರ್ಯ ಇರುವುದಿಲ್ಲ. ಹೊಸ್ತಿಲ ಮೇಲೆ ಕೂತ ಲಕ್ಷ್ಮಿಗೆ ಕಂಡದ್ದು ಬರೀ ಒಂದು ಒಣ ಎಲೆಯ ಸುರುಳಿ. ಪ್ರತಿ ಶುಕ್ರವಾರ ಅಜ್ಜಿಗೆ ಬೆಂಕಿ ಬರುವುದು ಹೀಗೆಯೇ ಎಂದು ಆಮೇಲೆ ತಿಳಿಯಿತು. ಶಿವರಾಯರು ಬೀಗರ ಕಣ್ಣಿಗೆ ಬೀಳಬಾರದೆಂದು ಮುಚ್ಚಿಟ್ಟದ್ದೂ ಇದನ್ನೇ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಏನು ಮನಿ ಇದು! ಎಲ್ಲಾರೂ ಬೆಂಕಿ ತಿಂತಾರ!" ಎಂದ ಭೀಮಣ್ಣ. ಅವನ ದನಿಯಲ್ಲಿ ಗಾಬರಿಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು.

ಬಾಲಮ್ಮ ಮೊಮ್ಮಗಳ ಮೂಗಿನಿಂದ ಹೊಗೆಯ ಎಳೆ ಇಳಿಯುವುದನ್ನು ನೋಡಿದಳು. "ಹತ್ತ್ಯದ" ಎಂದಳು. "ಹುಡುಗ ಶಾಣ್ಯಾ ಅಲ್ಲ. ಖರೆ, ಯಾರರೇ ಸುಡ್ಲಿಕತ್ರ ಸುಮ್ ಕುಂದ್ರೂ ಪೈಕಿನೂ ಅಲ್ಲ. ನಂದು ಹೂಂ ಅದ. ಈರೀನ ಕೇಳ್ರಿ."

ಈರಮ್ಮ ಆಗ ನಡು ಪಡಸಾಲೆಯಲ್ಲಿದ್ದಳು. ಶಿವರಾಯರು ಮುಖದಿಂದ ಕೈ ತೆಗೆದು, "ಏನವ್ವಾ, ಒಪ್ಪಿಗಿ ಅದೇನು? ಬ್ಯಾಡಾಗಿದ್ರ ಈಗೇ ಬ್ಯಾಡ ಅಂದ್ಬಿಡು" ಎಂದರು. ಅವಳು ನಿಂತಳು. ತುಟಿ ಬಿಗಿದಿತ್ತು, ಒಳಗೆ ಬೆಂಕಿ. ಕಣ್ಣು ನನ್ನ ಮೇಲಿತ್ತು. ಅದರಲ್ಲಿ ಏನಿತ್ತೆಂದು ಓದಲು ನಾನು ಶಾಲೆ ಕಲಿತವನಲ್ಲ. ಹೊಗೆ ಮಾತ್ರ ಮೂಗಿನಿಂದ ಮೆಲ್ಲಗೆ ಬರುತ್ತಿತ್ತು.

ಭೀಮಣ್ಣ ತೊಡೆ ತಟ್ಟಿ ಎದ್ದ. "ಬ್ಯಾಡ ಅನ್ನಲಿಲ್ಲ! ಎಲ್ಲಾರೂ ಕೇಳಿದ್ರಿಲ್ಲೋ, ಹುಡುಗಿ ಬ್ಯಾಡ ಅನ್ನಲಿಲ್ಲ! ತರ್ರಿ ಸಕ್ಕರಿ!"

ಸಕ್ಕರೆ ಬಂತು. ಬಾಲಮ್ಮನ ಕೈಗೆ ಚುಟ್ಟಾ ಸೇರಿತು. ಬಾಯಿ ಖಾಲಿಯಾಗುವಷ್ಟರಲ್ಲಿ ಈರಮ್ಮನ ಲಗ್ನ ಗಟ್ಟಿಯಾಗಿ ಹೋಗಿತ್ತು.

ಇಂದಿಗೂ ನನ್ನ ಮೇಲೆ ಸಿಟ್ಟು ಬಂದಾಗ ಅವಳು ಆ ದಿನವನ್ನೇ ಎತ್ತುತ್ತಾಳೆ. "ಅವತ್ತ ನನ್ನ ಬಾಯಾಗ ಬೆಂಕಿ ಇತ್ತು, ಪಾರಾದ್ರಿ. ಇರಲಿಲ್ಲಂದ್ರ ಹೇಳ್ತಿದ್ದೆ."

ಮದುವೆಯಾಗಿ ಬಹಳ ಕಾಲ ನಾನು ಈ ಮಾತಿಗೆ ತಲೆ ತಗ್ಗಿಸುತ್ತಿದ್ದೆ. ಆಮೇಲೆ ಒಂದು ದಿನ, ಕಲ್ಲು ಕೆತ್ತುತ್ತ ಕೂತಾಗ, ನನ್ನ ಮಂದ ಬುದ್ಧಿಗೆ ಒಂದು ಸಂಗತಿ ಹೊಳೆಯಿತು. ಉಳಿ ಅಲ್ಲೇ ಬಿಟ್ಟು ಮನೆಗೆ ಬಂದು ಕೇಳಿದೆ:

"ಈರೀ, ಅವತ್ತ ಬಾಯಾಗ ಬೆಂಕಿ ಇತ್ತು, ಒಪ್ಪಿದೆ. ಕೈ ಎರಡೂ ಖಾಲಿ ಇದ್ದವಲ್ಲ? ಚುಟ್ಟಾ ತೆಗೆದು ಬ್ಯಾಡ ಅನ್ನಬಹುದಿತ್ತಲ್ಲ?"

ಅವಳು ನನ್ನ ಮುಖ ನೋಡಲಿಲ್ಲ. "ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ, ಉಕ್ಕತದ" ಎಂದು ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ನೋಡಿದೆ. ಒಲೆ ಇನ್ನೂ ಹೊತ್ತಿಸಿರಲೇ ಇಲ್ಲ.